ಬಾಗಿದ ಬೆನ್ನಿನ ಶಾಸ್ತ್ರಜ್ಞ: ಫುಲ್ಲರ್ ಆಲ್‌ಬ್ರೈಟ್

ಮುಪ್ಪಿನಲ್ಲಿ ಬೆನ್ನು ಬಾಗುವುದು ವಯೋಧರ್ಮವೆಂದೇ ನಾವೆಲ್ಲರೂ ನಂಬಿಕೊಂಡು ಬಂದಿದ್ದೇವೆ. ನನ್ನ ಅಜ್ಜಿ, "ಈಚೆಗೆ ಸೀರೆಯೇಕೋ ನೆಲಕ್ಕೆ ತಾಕುತ್ತದೆ" ಎಂದು ಗೊಣಗುತ್ತಿದ್ದಾಗ ಮನೆಯವರೆಲ್ಲರೂ ನಕ್ಕಿದ್ದೆವು. ಒಂದು ದಿನ ಹಿತ್ತಲಿನಲ್ಲಿ ಕಾಲು ಜಾರಿ ಕುಸಿದರು. ಪೆಟ್ಟು ಸಣ್ಣದು, ಆದರೆ ತೊಡೆಯ ಮೂಳೆ ಮುರಿಯಿತು. ಅಷ್ಟಕ್ಕೇ ಮೂಳೆ ಏಕೆ ಮುರಿಯಬೇಕು? ಈ ಪ್ರಶ್ನೆಯನ್ನು ಹಿಡಿದು ಓದುತ್ತ ಹೋದಾಗ ನನಗೆ ಪರಿಚಯವಾದವನು ಫುಲ್ಲರ್ ಆಲ್‌ಬ್ರೈಟ್. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುತ್ತೇನೆ.

ಆಲ್‌ಬ್ರೈಟ್ 1900ರಲ್ಲಿ ಅಮೆರಿಕದ ಬಫಲೊ ನಗರದಲ್ಲಿ ಜನಿಸಿದನು. 1924ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯ ಪದವಿ ಪಡೆದು, ವಿಯೆನ್ನಾದಲ್ಲಿ ಎರ್ಡ್‌ಹೈಮ್ ಎಂಬ ರೋಗಶಾಸ್ತ್ರಜ್ಞನ ಬಳಿ ಅಭ್ಯಾಸ ಮಾಡಿ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಂಶೋಧನೆಗೆ ನಿಂತನು. ಆಗ ಅಲ್ಲಿಗೆ ಬಂದಿದ್ದ ರೋಗಿಗಳಲ್ಲಿ ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ನಾಯಕನೊಬ್ಬ. ಆರಡಿಗೂ ಮೀರಿದ್ದ ಆ ಕಟ್ಟಾಳು ಏಳು ಅಂಗುಲದಷ್ಟು ಕುಗ್ಗಿಹೋಗಿದ್ದನು. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳ ಪೈಕಿ ಒಂದು ಅತಿಯಾಗಿ ಕೆಲಸಮಾಡಿ ಮೂಳೆಯ ಸುಣ್ಣವನ್ನು ರಕ್ತಕ್ಕೆ ಸೆಳೆಯುತ್ತಿತ್ತು. ಅದು ಕುತ್ತಿಗೆಯಲ್ಲಿರದೆ ಎದೆಯೊಳಗೆ ಅಡಗಿದ್ದುದರಿಂದ, 1932ರಲ್ಲಿ ಏಳನೆಯ ಶಸ್ತ್ರಚಿಕಿತ್ಸೆಯಲ್ಲಷ್ಟೇ ಸಿಕ್ಕಿತು. ಆದರೂ ಕೆಲವೇ ವಾರಗಳಲ್ಲಿ ಆತ ತೀರಿಕೊಂಡನು.

ಮೂಳೆಯು ಜಡವಸ್ತುವಲ್ಲ, ಅದು ಸದಾ ಕರಗುತ್ತ, ಸದಾ ಕಟ್ಟಿಕೊಳ್ಳುತ್ತಿರುತ್ತದೆ. ನಮ್ಮ ಹಳ್ಳಿಯ ತಡಿಕೆ ಗೋಡೆಯನ್ನು ನೆನೆಯಿರಿ. ಬಿದಿರಿನ ಹೆಣಿಗೆಯಂತೆ ಪ್ರೋಟೀನಿನ ಹಂದರ. ಮೆತ್ತಿದ ಮಣ್ಣಿನಂತೆ ಸುಣ್ಣ ಮತ್ತು ರಂಜಕದ ಲವಣಗಳು. ಹೆಣಿಗೆಯಿದ್ದು ಮಣ್ಣು ಸಾಲದಿದ್ದರೆ ಮೂಳೆ ಮೆತ್ತಗಾಗುತ್ತದೆ, ಅದು ಆಸ್ಟಿಯೋಮಲೇಷಿಯ. ಹೆಣಿಗೆಯೂ ಮಣ್ಣೂ ಒಟ್ಟಾಗಿ ಸವೆದು ಗೋಡೆಯೇ ತೆಳುವಾದರೆ ಅದು ಆಸ್ಟಿಯೋಪೊರೋಸಿಸ್. ಈ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದವರಲ್ಲಿ ಆಲ್‌ಬ್ರೈಟ್ ಪ್ರಮುಖನು.

ಇಂತಹ ರೋಗಿಗಳನ್ನು ಪರೀಕ್ಷಿಸುವಾಗ ಆತನಿಗೆ ಒಂದು ಸಂಗತಿ ಕಂಡಿತು: ಅರವತ್ತೈದರೊಳಗಿನ 42 ಮಂದಿಯಲ್ಲಿ 40 ಮಂದಿ ಮುಟ್ಟು ನಿಂತ ಸ್ತ್ರೀಯರು! ಮೊಟ್ಟೆಯಿಡುವ ಮುನ್ನ ಪಾರಿವಾಳದ ಮೂಳೆಯೊಳಗೆ ಸುಣ್ಣ ಶೇಖರವಾಗುವುದೆಂದೂ, ಅದಕ್ಕೆ ಈಸ್ಟ್ರೊಜನ್ ಎಂಬ ಸ್ತ್ರೀ ಹಾರ್ಮೋನು ಕಾರಣವೆಂದೂ ಆಗಲೇ ತಿಳಿದಿತ್ತು. ಎರಡನ್ನೂ ಕೂಡಿಸಿದ ಆಲ್‌ಬ್ರೈಟ್, ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಕುಂದುವುದೇ ಈ ಮೂಳೆಸವೆತಕ್ಕೆ ಕಾರಣವೆಂದು 1940-41ರಲ್ಲಿ ಪ್ರತಿಪಾದಿಸಿದನು.

ಆತನ ಮಾತೆಲ್ಲವೂ ಸರಿಯೆನ್ನುವಂತಿಲ್ಲ. ಈಸ್ಟ್ರೊಜನ್ ಇಲ್ಲದೆ ಮೂಳೆ ಕಟ್ಟುವ ಕೆಲಸ ನಿಲ್ಲುತ್ತದೆಂದು ಆತ ಭಾವಿಸಿದ್ದನು. ಮುಖ್ಯವಾಗಿ ಕರಗಿಸುವ ಕಣಗಳ ಹಾವಳಿ ಹೆಚ್ಚುತ್ತದೆಂಬುದು ಈಗಿನ ತಿಳಿವಳಿಕೆ. ಕೆಲವು ಹಾರ್ಮೋನು ಚಿಕಿತ್ಸೆಯಿಂದ ಸ್ತನದ ಕ್ಯಾನ್ಸರಿನ ಭಯ ಹೆಚ್ಚುವುದೆಂದು 2002ರಲ್ಲಿ ತಿಳಿದುಬಂದಿತು. ಆದರೆ "ವಯಸ್ಸಾಯಿತು" ಎಂದು ಕೈಬಿಟ್ಟಿದ್ದುದಕ್ಕೆ ಕಾರಣವುಂಟೆಂದು ಆತ ತೋರಿಸಿದ್ದು ಹುಸಿಯಾಗಲಿಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಮುಗಿಸಲಾರೆ. ನಲವತ್ತು ತುಂಬುವ ಮೊದಲೇ ಆಲ್‌ಬ್ರೈಟ್‌ನಿಗೆ ಪಾರ್ಕಿನ್ಸನ್ ರೋಗ ತಗುಲಿತು. ಮೇಲೆ ಹೇಳಿದ ಸಿದ್ಧಾಂತವೂ, 1948ರಲ್ಲಿ ರೈಫೆನ್‌ಸ್ಟೈನ್‌ನೊಡನೆ ಪ್ರಕಟಿಸಿದ ಉದ್ಗ್ರಂಥವೂ ಆ ರೋಗದ ನಡುವೆಯೇ ಹುಟ್ಟಿದವು. 1956ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದಾಗ ರಕ್ತಸ್ರಾವವಾಗಿ, ಆ ಮಹಾಮೇಧಾವಿ ಹದಿಮೂರು ವರ್ಷ ಎಚ್ಚರವಿಲ್ಲದವನಂತೆ ಹಾಸಿಗೆ ಹಿಡಿದು, 1969ರಲ್ಲಿ ಕಾಲವಾದನು.

ಇಂದು ಮೂಳೆಯ ಸಾಂದ್ರತೆಯನ್ನು ಕೆಲವೇ ನಿಮಿಷಗಳಲ್ಲಿ ಅಳೆಯುವ ಯಂತ್ರಗಳಿವೆ, ಸವೆತವನ್ನು ತಡೆಯುವ ಔಷಧಗಳಿವೆ. ಅಜ್ಜಿಯ ಸೀರೆ ಉದ್ದವಾಗಿರಲಿಲ್ಲ. ಬೆನ್ನೆಲುಬಿನ ಮಣಿಗಳು ಕುಸಿದು ಅವರೇ ಗಿಡ್ಡವಾಗಿದ್ದರು. ಅವರ ಗೊಣಗಾಟವೇ ರೋಗದ ಮೊದಲ ಸೂಚನೆಯಾಗಿತ್ತು. ಅದನ್ನು ಕೇಳಿ ನಾವು ನಕ್ಕೆವು. ಈ ಲೇಖನವನ್ನು ಓದಿದವರು ತಮ್ಮ ಮನೆಯಲ್ಲಿ ಅಂಥ ಮಾತು ಕಿವಿಗೆ ಬಿದ್ದಾಗ ನಗದೆ ವೈದ್ಯರಲ್ಲಿಗೆ ಕರೆದೊಯ್ದರೆ ನನ್ನ ಶ್ರಮ ಸಾರ್ಥಕ.