ಪಾತ್ರೆ ತೊಳೆಯುವ ಯಂತ್ರವೂ ಮನೆಯ ಮಕ್ಕಳೂ

ಪಾತ್ರೆ ತೊಳೆಯುವ ಯಂತ್ರ ಈಗ ಬೆಂಗಳೂರಿನ ಅಡುಗೆಮನೆಗಳಿಗಷ್ಟೇ ಸೀಮಿತವಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಗೆಲಸದವರು ಬರಲಾಗದೆ ಹೋದಾಗ ನಮ್ಮ ದೇಶದಲ್ಲಿ ಇದಕ್ಕೆ ಬೇಡಿಕೆ ಏರಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಂಥ ಊರುಗಳಲ್ಲಿ ಇದನ್ನು ಕೊಂಡವರು, ಕೊಳ್ಳಲಿರುವವರು ಆರೋಗ್ಯದ ದೃಷ್ಟಿಯಿಂದ ಕೆಲವು ವಿಷಯ ತಿಳಿದಿರಬೇಕು.

ಅನುಕೂಲವಂತೂ ಇದೆ. ಸದಾ ಸಾಬೂನು ನೀರಿನಲ್ಲಿ ಕೈಯಾಡಿಸುವ ಗೃಹಿಣಿಯರಲ್ಲಿ ಚರ್ಮ ಒಣಗಿ ಬಿರಿಯುವುದು, ತುರಿಕೆ, ಉಗುರುಸುತ್ತು ಸಾಮಾನ್ಯ. (ಗಂಡಸರು ತೊಳೆದರೆ ಅವರಿಗೂ ಬರುತ್ತದೆ!) ಯಂತ್ರದಿಂದ ಕೈಗೆ ಬಿಡುವು ಸಿಗುತ್ತದೆ. ಕೈ ತಾಳಲಾರದ 60-70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ತೊಳೆಯುವುದರಿಂದ ರೋಗಾಣುಗಳೂ ಕಡಿಮೆಯಾಗುತ್ತವೆ.

ಅಪಾಯವಿರುವುದು ಇದಕ್ಕೆ ಹಾಕುವ ಪುಡಿ ಮತ್ತು ಬಿಲ್ಲೆಗಳಲ್ಲಿ. ಇವು ಕೈಯಲ್ಲಿ ಉಜ್ಜುವ ಸಾಬೂನಿನಂತಲ್ಲ. ಸೋಡಿಯಂ ಕಾರ್ಬೊನೇಟ್ ಮೊದಲಾದ ಪ್ರಬಲ ಕ್ಷಾರಗಳಿರುತ್ತವೆ. ಜಿಡ್ಡನ್ನು ಕರಗಿಸುವ ಕ್ಷಾರ ಮಗುವಿನ ಬಾಯಿ, ಗಂಟಲು, ಅನ್ನನಾಳಗಳನ್ನೂ ಸುಡಬಲ್ಲದು. ಗಾಯ ಮಾಯುವಾಗ ಅನ್ನನಾಳ ಕಿರಿದಾಗಿ, ಮುಂದೆ ಮಗುವಿಗೆ ಅನ್ನ ನುಂಗುವುದೇ ಕಷ್ಟವಾಗಬಹುದು. ಬಣ್ಣದ ಬಿಲ್ಲೆ ಮಕ್ಕಳ ಕಣ್ಣಿಗೆ ಪೆಪ್ಪರಮೆಂಟಿನಂತೆ ಕಾಣುತ್ತದೆ. ತೊಳೆದಾದ ಮೇಲೂ ಬಾಗಿಲಿನ ಪುಡಿಗೂಡಿನಲ್ಲಿ ಕರಗದೆ ಉಳಿದ ಮುದ್ದೆಯನ್ನು ಅಂಬೆಗಾಲಿಡುವ ಮಗು ಬೆರಳಿನಿಂದ ತೆಗೆದು ನೆಕ್ಕಬಹುದು. ಆದ್ದರಿಂದ ಪುಡಿಯನ್ನು ಯಂತ್ರ ಚಾಲೂ ಮಾಡುವ ಮುನ್ನವೇ ಹಾಕಿ, ತಕ್ಷಣ ಬಾಗಿಲು ಮುಚ್ಚಿರಿ. ಡಬ್ಬಿ ಮೇಲಿನ ಕಪಾಟಿನಲ್ಲಿರಲಿ. ಖಾಲಿಯಾದ ಹಾಲಿನಪುಡಿ ಡಬ್ಬಿಗೆ ಅದನ್ನು ಎಂದಿಗೂ ತುಂಬಬೇಡಿ.

ಮಗು ನುಂಗಿದರೆ ವಾಂತಿ ಮಾಡಿಸಬಾರದು. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಬೇಡ. ಮೇಲೆ ಬರುವ ಕ್ಷಾರ ಇನ್ನೊಮ್ಮೆ ಸುಡುತ್ತದೆ. ಕ್ಷಾರಕ್ಕೆ ಹುಳಿ ಮದ್ದೆಂದು ನಿಂಬೆರಸ, ಹುಣಸೆ ನೀರನ್ನೂ ಕೊಡಬೇಡಿ. ಬಾಯಿ ಒರೆಸಿ, ತೊಳೆಯಿರಿ. ಸಲೀಸಾಗಿ ನುಂಗುವಂತಿದ್ದರೆ ಒಂದೆರಡು ಗುಟುಕು ನೀರು ಸಾಕು. ಜೊಲ್ಲು ಸುರಿಯುತ್ತಿದ್ದರೆ, ಉಸಿರಾಟ ಕಷ್ಟವಾದರೆ ಏನನ್ನೂ ಕೊಡದೆ 108ಕ್ಕೆ ಕರೆ ಮಾಡಿ. ಬಾಯಲ್ಲಿ ಸುಟ್ಟ ಗುರುತಿಲ್ಲವೆಂದು ಮನೆಯಲ್ಲೇ ಕಾಯಬೇಡಿ, ಒಳಗೆ ಗಾಯವಾಗಿರಬಹುದು. ಆಸ್ಪತ್ರೆಗೆ ಹೋಗುವಾಗ ಪುಡಿಯ ಡಬ್ಬಿಯೂ ಜೊತೆಗಿರಲಿ. ಕಣ್ಣಿಗೆ ಬಿದ್ದರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ತೊಳೆದು ನಂತರ ವೈದ್ಯರಲ್ಲಿಗೆ ಬನ್ನಿ.

ಜಗಳೂರು ಕಡೆಯ ಕೊಳವೆಬಾವಿ ನೀರು ಬಳಸುವವರಿಗೆ ಇನ್ನೊಂದು ಮಾತು. ಗಡಸು ನೀರಿನಿಂದ ಪಾತ್ರೆಯ ಮೇಲೆ ಕೂರುವ ಬಿಳಿ ಪೊರೆ ಸುಣ್ಣದ ಅಂಶ. ಅದರಿಂದ ರೋಗ ಬರುವುದಿಲ್ಲ. ಅದನ್ನು ತಡೆಯಲು ಯಂತ್ರಕ್ಕೆ ಬೇರೆಯೇ ಉಪ್ಪು ಸಿಗುತ್ತದೆ. ಅಡುಗೆಯ ಅಯೋಡಿನ್ ಉಪ್ಪು ಹಾಕಬಾರದು. ಈ ಉಪ್ಪಿನ ವ್ಯವಸ್ಥೆ ಗಡಸುತನವನ್ನು ಮಾತ್ರ ತೆಗೆಯುತ್ತದೆ, ಫ್ಲೋರೈಡನ್ನಲ್ಲ. ಆ ಭಾಗದಲ್ಲಿ ಕುಡಿಯಲು, ಅಡುಗೆಗೆ ಶುದ್ಧೀಕರಿಸಿದ ನೀರೇ ಬೇಕು. ಕುದಿಸಿದರೂ ಫ್ಲೋರೈಡ್ ಹೋಗದು.

ಸ್ಟೀಲು, ಗಾಜು, ಪಿಂಗಾಣಿಗೆ ತೊಂದರೆಯಿಲ್ಲ. ಚಾಕುವಿನ ಮೊನೆ ಕೆಳಗಿರಲಿ. ಕ್ಷಾರಕ್ಕೆ ಅಲ್ಯೂಮಿನಿಯಂ ಕಪ್ಪಾಗುತ್ತದೆ, ಕಬ್ಬಿಣದ ಹಂಚು ತುಕ್ಕು ಹಿಡಿಯುತ್ತದೆ. ಮುದ್ದೆ ತಿರುವಿದ ಅಲ್ಯೂಮಿನಿಯಂ ಪಾತ್ರೆಯನ್ನು ನೆನೆಹಾಕಿ ಕೈಯಲ್ಲೇ ತೊಳೆಯಬೇಕು.