ಗಂಗೂಬಾಯಿಯವರನ್ನು ಎಲ್ಲಿಂದ ಕೇಳಬೇಕು?

ಸತ್ಯನಾರಾಯಣಪೇಟೆ, ಬಳ್ಳಾರಿ



ಜಾಝ್ ಹಾಡುತ್ತಿದ್ದ ಬಿಲ್ಲಿ ಹಾಲಿಡೇಯನ್ನು ಕೇಳುತ್ತಿದ್ದೇನೆ, ನಮ್ಮಲ್ಲಿ ಹಾಗೆ ಹಾಡಿದವರು ಯಾರು ಎಂದು ನೀನು ಕೇಳಿದ್ದೆ. ಹಾಗೆ ಹಾಡಿದವರು ಇಲ್ಲ. ಆದರೆ ಆಕೆಯನ್ನು ನೀನು ಕೇಳುವಷ್ಟೇ ತಾಳ್ಮೆಯಿಂದ ಕೇಳಬೇಕಾದವರು ಒಬ್ಬರಿದ್ದಾರೆ, ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್. ಬಿಲ್ಲಿ ಹುಟ್ಟಿದ್ದು 1915ರಲ್ಲಿ; ಇವರು 1913ರಲ್ಲಿ, ಧಾರವಾಡದಲ್ಲಿ. ಇಬ್ಬರ ದನಿಯೂ ನಡುವಯಸ್ಸಿಗೆ ಬರುವಷ್ಟರಲ್ಲಿ ಬೇರೆಯೇ ಆಗಿತ್ತು.

1930ರ ದಶಕದಲ್ಲಿ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಲ್ಲಿ ಬಂದ ಗ್ರಾಮಫೋನ್ ಪ್ಲೇಟುಗಳಲ್ಲಿ ಇವರದು ತೆಳುವಾದ, ಎತ್ತರದ ದನಿ. ಆಮೇಲೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಅದು ಗಂಡಸರ ದನಿಯಷ್ಟು ದಪ್ಪವಾಯಿತು. ನೀನು ಆ ದಪ್ಪ ದನಿಯಿಂದಲೇ ಶುರು ಮಾಡು. ಮೊದಲು ಪ್ಲೇಟು ಕೇಳಿದರೆ, ಮುಂದೆ ಕಳೆದುಹೋದ ದನಿಯನ್ನೇ ಹುಡುಕುತ್ತೀಯ. ದಪ್ಪ ದನಿ ಕಿವಿಗೆ ಒಗ್ಗಿದ ಮೇಲೆ ಪ್ಲೇಟಿಗೆ ಹೋದರೆ, ಈ ದನಿ ಯಾವುದರಿಂದ ಬೆಳೆಯಿತೆಂದು ತಿಳಿಯುತ್ತದೆ.

ರಾಗಗಳ ಪಟ್ಟಿ ಮಾಡಿಕೊಳ್ಳಬೇಡ. ಮಾರ್ವಾ ಒಂದನ್ನೇ ಹಿಡಿ. ಅದು ಮುಸ್ಸಂಜೆಯ ರಾಗ; ನಮ್ಮೂರ ಬಿಸಿಲು ಇಳಿದ ಮೇಲೆ ಮಾಳಿಗೆ ಹತ್ತಿ ಕೇಳು. ಫೋನಿನ ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ಸ್ವರಗಳು ಸೊರಗುತ್ತವೆ, ಇಯರ್‌ಫೋನ್ ಹಾಕಿಕೋ. ಮಾರ್ವಾದಲ್ಲಿ ಪಂಚಮವಿಲ್ಲ. ಆಧಾರಸ್ವರವಾದ ಷಡ್ಜವಿದ್ದರೂ ಗಾಯಕರು ಅದರ ಮೇಲೆ ಸುಲಭಕ್ಕೆ ನಿಲ್ಲುವುದಿಲ್ಲ. ಕೋಮಲ ರಿಷಭ, ಧೈವತಗಳ ಬಳಿಯೇ ಸುತ್ತುತ್ತಾರೆ. ತಂಬೂರಿ ಮಾತ್ರ ಷಡ್ಜವನ್ನು ಬಿಡದೆ ನುಡಿಯುತ್ತಿರುತ್ತದೆ. ಹಾಡು ಅಲ್ಲಿಗೆ ಯಾವಾಗ ಬಂದು ಸೇರುತ್ತದೆ ಎಂದು ಕಾಯುವುದಷ್ಟೇ ನಿನ್ನ ಕೆಲಸ.

ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರವನ್ನು ಬಳಸಬೇಕು, ಮುಂದಿನ ಸ್ವರಕ್ಕೆ ಕೇಳುಗರು ಕಾಯುವಂತಿರಬೇಕು ಎಂದು ಗುರು ಸವಾಯಿ ಗಂಧರ್ವರು ಕಲಿಸಿದ್ದನ್ನು ಗಂಗೂಬಾಯಿ ಹೇಳಿಕೊಳ್ಳುತ್ತಿದ್ದರು. ಆ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ಬಂದಿಶಿನ ಹಿಂದಿ ಮಾತು ಅರ್ಥವಾಗದಿದ್ದರೆ ಚಿಂತೆಯಿಲ್ಲ, ನಿಧಾನಗತಿಯ ವಿಲಂಬಿತದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸು. ಹಲವು ಧ್ವನಿಮುದ್ರಣಗಳಲ್ಲಿ ಹಿಂದಿನಿಂದ ಇನ್ನೊಂದು ಹೆಣ್ಣುದನಿ ಕೇಳುತ್ತದೆ. ಅದು ಮಗಳು ಕೃಷ್ಣಾ ಅವರದು. ತಾಯಿ ನಿಲ್ಲಿಸಿದ ಕಡೆ ಮಗಳು ಎತ್ತಿಕೊಳ್ಳುವುದನ್ನು ಹಿಂಬಾಲಿಸಿದರೆ ರಾಗದ ದಾರಿ ತಾನಾಗಿ ಸಿಗುತ್ತದೆ.

ಕಿವಿ ಕೂತ ಮೇಲೆ ಅವರ ಆತ್ಮಕಥೆ 'ನನ್ನ ಬದುಕಿನ ಹಾಡು' ಓದು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯೆದುರು ಸ್ವಾಗತಗೀತೆ ಹಾಡಿದ ಹುಡುಗಿಗೆ ಜಾತಿಯ ಅಳುಕೂ ಇತ್ತು. ಆದರೆ ಆ ಕಥೆಯನ್ನು ಮೊದಲೇ ಓದಿಕೊಂಡು ಹೋಗಬೇಡ. ಕನಿಕರದಿಂದ ಕೇಳಬೇಕಾದ ಹಾಡಲ್ಲ ಅವರದು.

ಮಾರ್ವಾ ರುಚಿಸದಿದ್ದರೆ ಬೆಳಿಗ್ಗೆ ಭೈರವ ಕೇಳು. ಅದೂ ಹಿಡಿಸದಿದ್ದರೆ ಇನ್ನೊಬ್ಬ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಕಡೆ ಹೋಗು, ನನಗೇನೂ ಬೇಸರವಿಲ್ಲ. ಆದರೆ ಮೊದಲ ಐದು ನಿಮಿಷಕ್ಕೇ ತೀರ್ಪು ಕೊಡಬೇಡ. ಅಷ್ಟರಲ್ಲಿ ಗಂಗೂಬಾಯಿ ಗಂಟನ್ನೇ ಬಿಚ್ಚಿರುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ