ಕಂಕುಳ ಧಮನಿಯಿಂದ ಕಾಲಿಗೆ ರಕ್ತ: ಬೈಪಾಸಿನ ಇನ್ನೊಂದು ಮಾರ್ಗ

ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು, ಗಳಿಗೆ ನಿಂತೊಡನೆ ನೋವಿಳಿದು, ಮತ್ತೆ ನಡೆದರೆ ಮರುಕಳಿಸುವುದಾದರೆ, ಅದನ್ನು ವೃದ್ಧಾಪ್ಯದ ಸಹಜ ದೌರ್ಬಲ್ಯವೆಂದು ಉಪೇಕ್ಷಿಸಲಾಗದು. ಕಾಲಿಗೆ ರಕ್ತವನ್ನೊಯ್ಯುವ ಧಮನಿಯು ಸಂಕುಚಿತವಾಗಿರುವುದರ ಲಕ್ಷಣವದಾಗಿರಬಹುದು. ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳಿನ ಹುಣ್ಣು ಮಾಯದಿದ್ದರೆ, ವಿಳಂಬವು ಕಾಲನ್ನೇ ಬಲಿ ತೆಗೆದುಕೊಂಡೀತು.

ಮೊದಲು ಹರಡಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ ನೋಡುತ್ತಾರೆ. ಭಾಗಲಬ್ಧವು 0.9ಕ್ಕಿಂತ ಕಡಮೆಯಾದರೆ ಅಡಚಣೆಯಿದೆಯೆಂದರ್ಥ. ಆದರೆ ಮಧುಮೇಹಿಗಳಲ್ಲಿ ಧಮನಿ ಗಡುಸಾಗಿ ಅಂಕಿಯು ಹುಸಿಯಾಗಿ ಏರಿರಬಹುದು. ತರುವಾಯ ಡಾಪ್ಲರ್, ಆಂಜಿಯೋಗ್ರಾಮ್.

ಹೊಟ್ಟೆಯೊಳಗಿನ ಮಹಾಧಮನಿಯೇ ಮುಚ್ಚಿದ್ದು, ಬಲೂನು-ಸ್ಟೆಂಟುಗಳಿಂದ ಸಾಧ್ಯವಾಗದಿದ್ದರೆ, ಉದರವನ್ನು ತೆರೆದು ಮಾಡುವ ಬೈಪಾಸೇ ದೀರ್ಘಕಾಲ ಬಾಳುವಂಥದು. ಆದರೆ ಹೃದಯವೋ ಶ್ವಾಸಕೋಶವೋ ದುರ್ಬಲವಾಗಿರುವವರಿಗೆ, ಹಿಂದೆ ಇರಿಸಿದ ಕೃತಕ ನಾಳಕ್ಕೆ ಸೋಂಕು ತಗುಲಿದವರಿಗೆ, ಆ ಭಾರವನ್ನು ಹೊರಿಸುವುದು ಅಪಾಯಕರ. ಅಂಥವರಿಗಾಗಿ 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಲೈಸ್‌ಡೆಲ್ ಮತ್ತು ಹಾಲ್ ಎಂಬ ವೈದ್ಯರು ವರದಿ ಮಾಡಿದ ಮಾರ್ಗವು ಇಂದಿಗೂ ಬಳಕೆಯಲ್ಲಿದೆ: ಕೊರಳೆಲುಬಿನ ಕೆಳಗಿನ ಕಂಕುಳ ಧಮನಿಗೆ ಕೃತಕ ನಾಳವನ್ನು ಹೊಲಿದು, ಪಕ್ಕೆಯ ಚರ್ಮದಡಿಯಲ್ಲಿ ಇಳಿಸಿ, ತೊಡೆಸಂದಿಯ ಧಮನಿಗೆ ಕೂಡಿಸುವುದು. ಮಹಾಧಮನಿ ಮುಚ್ಚಿರದೆ ಒಂದು ಕಾಲಿನ ಧಮನಿ ಚೆನ್ನಾಗಿದ್ದರೆ, ಅದರಿಂದಲೇ ಕಿಬ್ಬೊಟ್ಟೆಯ ಮೇಲಿನಿಂದ ಇನ್ನೊಂದು ಕಾಲಿಗೆ ರಕ್ತವನ್ನು ಹಾಯಿಸುವುದೂ ಉಂಟು. ಉದರದ ಬೈಪಾಸಿನಷ್ಟು ಕಾಲ ಇವು ತೆರೆದಿರುವ ಸಂಭವ ಕಡಮೆ. ಈ ಮಾತನ್ನು ವೈದ್ಯರೊಡನೆ ಮುಂಚೆಯೇ ಸ್ಪಷ್ಟವಾಗಿ ಚರ್ಚಿಸಿರಿ.

ಶಸ್ತ್ರಕ್ರಿಯೆಗೆ ಮುನ್ನ ಎರಡೂ ತೋಳುಗಳ ರಕ್ತದೊತ್ತಡವನ್ನು ಅಳೆಯಿಸಿಕೊಳ್ಳುವುದು ಅವಶ್ಯ. ಒಂದರಲ್ಲಿ ಗಣನೀಯವಾಗಿ ಕಡಮೆಯಿದ್ದರೆ ಆ ಪಾರ್ಶ್ವದ ಧಮನಿಯೇ ರೋಗಗ್ರಸ್ತವಾಗಿರಬಹುದು, ಅಲ್ಲಿಂದ ರಕ್ತವನ್ನು ಎರವಲು ತರುವುದು ಯುಕ್ತವಲ್ಲ. ಬೀಡಿ, ಸಿಗರೇಟುಗಳನ್ನು ಕೂಡಲೇ ಬಿಡಬೇಕು. ಇದರಲ್ಲಿ ರಾಜಿ ಸಲ್ಲದು. ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು ಅರಿವಳಿಕೆ ವೈದ್ಯರಿಗೆ ಒಪ್ಪಿಸಿರಿ.

ಮನೆಗೆ ಬಂದ ಮೇಲಿನ ಜಾಗರೂಕತೆಯೂ ನಾಳದ ಆಯುಷ್ಯಕ್ಕೆ ಮುಖ್ಯ. ನಾಳವು ಚರ್ಮದಡಿಯಲ್ಲಿಯೇ ಇರುವುದರಿಂದ ಬಿಗಿಯಾದ ಬೆಲ್ಟು, ಉಡಿದಾರ, ಲಂಗದ ಲಾಡಿ ಯಾವುದೂ ಅದನ್ನು ಅದುಮಬಾರದು. ನಾಳವಿರುವ ಮಗ್ಗುಲಿಗೆ ಒರಗಿ ಮಲಗಬಾರದು. ವೈದ್ಯರು ಅನುಮತಿಸುವವರೆಗೆ ಆ ತೋಳನ್ನು ತಲೆಯ ಮೇಲಕ್ಕೆ ಎಳೆದೆತ್ತಬಾರದು. ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಮೊದಲಾದುವನ್ನು ತಾವಾಗಿ ನಿಲ್ಲಿಸಬಾರದು. ನಾಳದ ಮಿಡಿತವನ್ನು ಬೆರಳಿನಿಂದ ಗುರುತಿಸುವ ಬಗೆಯನ್ನು ಆಸ್ಪತ್ರೆಯಲ್ಲಿಯೇ ಕಲಿತು, ದಿನವೂ ಮುಟ್ಟಿ ನೋಡಿರಿ.

ಗಾಯ ಕೆಂಪಾಗಿ ಕೀವು ಸುರಿದರೆ, ಜ್ವರ ಬಂದರೆ, ಅಂದೇ ತೋರಿಸಬೇಕು. ಮಿಡಿತ ನಿಂತು ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ, ಬಿಸಿನೀರಿನ ಶಾಖವನ್ನೂ ಎಣ್ಣೆಯ ನೀವಿಕೆಯನ್ನೂ ಪ್ರಯೋಗಿಸುತ್ತ ಬೆಳಗಿನವರೆಗೆ ಕಾಯದೆ, ಆ ಕ್ಷಣವೇ ರಕ್ತನಾಳದ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೊರಡಿರಿ.